ಅಟ್ಟದ ಮೇಲಿನ ಮೂರು ಮೋಡೆಮ್‌ಗಳು

ಕ್ರಿಸ್ಮಸ್ ಹಬ್ಬ ಹತ್ತಿರವಾಗುತ್ತಿದ್ದಂತೆ ನಮ್ಮ ಕುಟುಂಬಗಳಲ್ಲಿ ಗೋಡೆಗೆ ಸುಣ್ಣ-ಬಣ್ಣ ಬಳಿಯುವ, ಅಟ್ಟದ ಸಾಮಾನು ಇಳಿಸಿ ಧೂಳು ಝಾಡಿಸುವ, ವರ್ಷವಿಡೀ ಕಟ್ಟಿಟ್ಟಿದ್ದ ಗೋದಲಿಯ ಗೊಂಬೆಗಳನ್ನು ಹುಡುಕಿ ತೆಗೆಯುವ ಕೆಲಸ ಆರಂಭವಾಗುತ್ತದೆ. ಬೆಟಗೇರಿಯ ನಮ್ಮ ಮನೆಯಲ್ಲಿ ಹೀಗೆ ಅಟ್ಟ ಇಳಿಸಿದ ದಿನ, ನಕ್ಷತ್ರದ ದೀಪವಿದ್ದ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಮೂರು ಮೋಡೆಮ್‌ಗಳು ಸಿಕ್ಕವು. ಒಂದು ಬೂದು ಬಣ್ಣದ್ದು, ಒಂದು ಕಪ್ಪು, ಮತ್ತೊಂದು ಬಿಳಿಯದಾಗಿದ್ದು ಈಗ ಹಳದಿಗೆ ತಿರುಗಿದ್ದು. ಮೂರಕ್ಕೂ ಅಡಾಪ್ಟರುಗಳು, ಸುತ್ತಿಕೊಂಡ ವೈರುಗಳು. ನನ್ನ ಮನೆಯಾಕೆ ಅವುಗಳನ್ನು ನನ್ನ ಮುಂದಿಟ್ಟು, “ಇವನ್ನ ಏನ್ ಮಾಡೂದ್ರಿ? ಹ್ವಾದ ವರ್ಷಾನೂ ನೋಡೂಣು ಅಂದು ಹಂಗ ಮ್ಯಾಲ ಇಟ್ಟೀರಿ” ಎಂದಳು. ಉತ್ತರ ಕೊಡಲು ನನಗೆ ಆ ಕ್ಷಣದಲ್ಲಿ ತಿಳಿಯಲಿಲ್ಲ.

ಈ ಪ್ರಶ್ನೆ ಇಂದು ನಮ್ಮೊಬ್ಬರ ಮನೆಯದಲ್ಲ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲು-ಕಂಪ್ಯೂಟರುಗಳಿಗೆ ಬಂದಾಗ, ಗದಗ-ಬೆಟಗೇರಿಯಲ್ಲಷ್ಟೇ ಅಲ್ಲದೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎಷ್ಟೋ ಮನೆಗಳಿಗೂ ಇಂಟರ್ನೆಟ್ ಸಂಪರ್ಕ ಬಂದಿತು. ಬಳಿಕ ಒಂದು ಸಂಸ್ಥೆಯ ದರ ಹೆಚ್ಚಾಯಿತೆಂದೋ, ಇನ್ನೊಂದರ ವೇಗ ಹೆಚ್ಚೆಂದೋ ಸಂಪರ್ಕ ಬದಲಾಯಿಸಿದವರು ಅನೇಕರು. ಹೊಸ ಸಂಸ್ಥೆಯ ಹುಡುಗರು ಬಂದು ಹೊಸ ಪೆಟ್ಟಿಗೆಯನ್ನು ಗೋಡೆಗೆ ಹೊಡೆದು ಹೋಗುತ್ತಾರೆ. ಹಳೆಯದನ್ನು ಅವರು ಮುಟ್ಟುವುದಿಲ್ಲ. ಹಳೆಯ ಸಂಸ್ಥೆಯವರೂ ತಾವಾಗಿ ಬಂದು ಕೇಳುವುದು ಅಪರೂಪ. ಎಸೆಯಲು ಮನಸ್ಸಾಗದೆ, ಬಳಸಲು ಬಾರದೆ, ಆ ಪೆಟ್ಟಿಗೆ ಅಟ್ಟ ಸೇರುತ್ತದೆ.

ನಮ್ಮ ಮೂರು ಪೆಟ್ಟಿಗೆಗಳು ಮೂರು ಕಾಲಗಳ ಸಾಕ್ಷಿಗಳು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ಭಾಗವಾಗಿತ್ತು, ಜಿಲ್ಲೆಯಾದದ್ದು 1997ರಲ್ಲಿ. ಬೂದು ಬಣ್ಣದ ಮೊದಲ ಮೋಡೆಮ್ ಆ ಕಾಲದ ಮಾದರಿಯದು. ದೂರವಾಣಿಯಂತೆಯೇ ಸಂಖ್ಯೆಯನ್ನು ತಿರುಗಿಸಿ, ಕಿರ್‌ಕಿರ್ ಸದ್ದು ಮಾಡಿ, ಸಂಪರ್ಕ ಸಿಗುವವರೆಗೆ ನಮ್ಮನ್ನು ಕಾಯಿಸುತ್ತಿದ್ದ ಯಂತ್ರವದು. ಅದು ನಡೆಯುತ್ತಿರುವಾಗ ಮನೆಗೆ ಯಾರ ಫೋನೂ ಬರುವಂತಿರಲಿಲ್ಲ. ಅದರ ಅತಿ ಹೆಚ್ಚಿನ ವೇಗ ಸೆಕೆಂಡಿಗೆ 56 ಕಿಲೋಬಿಟ್. ಇಂದು ಕಣ್ಣು ಮಿಟುಕಿಸುವುದರಲ್ಲಿ ಬರುವ ಒಂದು ಮೆಗಾಬೈಟ್ ಗಾತ್ರದ ಚಿತ್ರ ಬರಲು ಆಗ ಎರಡೂವರೆ ನಿಮಿಷ ಹಿಡಿಯುತ್ತಿತ್ತು. ಎರಡನೆಯದು, ಕಪ್ಪು ಪೆಟ್ಟಿಗೆ, ಬ್ರಾಡ್‌ಬ್ಯಾಂಡ್ ಕಾಲದ್ದು. ಬಿ.ಎಸ್.ಎನ್.ಎಲ್. ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು 2005ರ ಜನವರಿಯಲ್ಲಿ ಆರಂಭಿಸಿತು. ಅದೇ ತಾಮ್ರದ ತಂತಿಯಲ್ಲಿ ಮಾತಿಗೊಂದು, ಮಾಹಿತಿಗೊಂದು ದಾರಿ ಮಾಡಿ, ಫೋನೂ ಇಂಟರ್ನೆಟ್ಟೂ ಒಟ್ಟಿಗೆ ನಡೆಯುವಂತೆ ಮಾಡಿದ್ದು ಈ ಎ.ಡಿ.ಎಸ್.ಎಲ್. ಮೋಡೆಮ್. ನಮ್ಮ ಬಯಲುಸೀಮೆಯಲ್ಲಿ ಮುಂಗಾರಿಗೆ ಮೊದಲು ಬರುವ ಗುಡುಗು-ಸಿಡಿಲಿಗೆ ಬಲಿಯಾದ ಮೋಡೆಮ್‌ಗಳು ಹೆಚ್ಚಾಗಿ ಇವೇ. ತಾಮ್ರದ ತಂತಿ ಮಾತನ್ನು ಹೊತ್ತು ತರುವಂತೆ ಸಿಡಿಲಿನ ಆಘಾತವನ್ನೂ ಮನೆಯೊಳಕ್ಕೆ ತರುತ್ತಿತ್ತು.

ಮೂರನೆಯದು ಬೆಳಕಿನ ಕಾಲದ್ದು. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯ ಮೂಲಕ ಬರುವ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವನ್ನಾಗಿ ಮಾಡುವ ಈ ಪೆಟ್ಟಿಗೆಯನ್ನು ನಾವು ರೂಢಿಯಿಂದ ಮೋಡೆಮ್ ಎಂದೇ ಕರೆಯುತ್ತೇವೆ. ಸಂಪರ್ಕ ಕೊಡುವವರು ಇದಕ್ಕೆ ಓ.ಎನ್.ಟಿ. ಎನ್ನುತ್ತಾರೆ. ಇಲ್ಲಿ ತಾಯಂದಿರಿಗೆ ಒಂದು ಮಾತು. ಹಳೆಯ ಸಂಪರ್ಕವನ್ನು ಬಿಚ್ಚಿದ ಮೇಲೆ ಗೋಡೆಯಲ್ಲಿ ಜೋತಾಡುವ ಆ ಫೈಬರ್ ತುದಿಯನ್ನು ಮಕ್ಕಳು ಕಣ್ಣಿನ ಹತ್ತಿರ ಹಿಡಿದು ನೋಡಲು ಬಿಡಬೇಡಿ. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದ್ದರಿಂದಲೇ ಎಚ್ಚರ ಬೇಕು. ಮುರಿದರೆ ಗಾಜಿನ ಚೂರು ಬೆರಳಿಗೆ ಹೊಕ್ಕು ತೆಗೆಯಲು ಬಾರದಂತಾಗುತ್ತದೆ.

ಒಂದು ಸಂಸ್ಥೆಯ ಮೋಡೆಮನ್ನು ಇನ್ನೊಂದು ಸಂಸ್ಥೆಯ ಸಂಪರ್ಕಕ್ಕೆ ಏಕೆ ಬಳಸಬಾರದು ಎಂದು ಅನೇಕರು ಕೇಳುತ್ತಾರೆ. ತಾಮ್ರದ ತಂತಿಗೆಂದು ಮಾಡಿದ್ದು ಗಾಜಿನ ಎಳೆಗೆ ಆಗದು ಎಂಬುದು ಸುಲಭವಾಗಿ ತಿಳಿಯುವ ಮಾತು. ಆದರೆ ಎರಡೂ ಫೈಬರ್ ಪೆಟ್ಟಿಗೆಗಳೇ ಆಗಿದ್ದರೂ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ಪ್ರತಿಯೊಂದು ಪೆಟ್ಟಿಗೆಗೂ ಒಂದು ಕ್ರಮಸಂಖ್ಯೆ ಇದ್ದು, ಅದು ಸಂಸ್ಥೆಯ ಕೇಂದ್ರದಲ್ಲಿ ನೋಂದಣಿಯಾಗಿರಬೇಕು; ನೋಂದಣಿಯಿಲ್ಲದ್ದನ್ನು ಕೇಂದ್ರದ ಯಂತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹಾಗಾದರೆ ಹಳೆಯದನ್ನು ಏನು ಮಾಡಬೇಕು? ಇದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಅದು ಯಾರದು? ಅಡುಗೆ ಅನಿಲದ ಸಿಲಿಂಡರ್ ಮತ್ತು ರೆಗ್ಯುಲೇಟರ್ ನಮ್ಮ ಅಡುಗೆಮನೆಯಲ್ಲಿದ್ದರೂ ನಮ್ಮ ಸೊತ್ತಲ್ಲ, ಠೇವಣಿ ಇಟ್ಟು ತಂದುಕೊಂಡದ್ದು ಎಂಬುದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಮೋಡೆಮ್ ಕೂಡ ಬಹಳ ಸಲ ಹಾಗೆಯೇ. ಕೆಲವರು ಅದನ್ನು ಪೂರ್ತಿ ಹಣ ಕೊಟ್ಟು ಕೊಂಡಿರುತ್ತಾರೆ, ಕೆಲವರು ಠೇವಣಿ ಇಟ್ಟಿರುತ್ತಾರೆ, ಕೆಲವರು ತಿಂಗಳ ಬಾಡಿಗೆ ಕಟ್ಟುತ್ತಿರುತ್ತಾರೆ. ‘ಫ್ರೀ’ ಎಂದು ಹೇಳಿ ಕೊಟ್ಟದ್ದರಲ್ಲಿಯೂ, ಸಂಪರ್ಕ ನಿಲ್ಲಿಸಿದಾಗ ಹಿಂದಿರುಗಿಸಬೇಕೆಂಬ ಷರತ್ತು ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇರುವುದುಂಟು. ಆ ಕಾಗದವನ್ನು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

ನನಗಾದ ನಷ್ಟವನ್ನು ಇಲ್ಲಿ ಹೇಳುವುದು ತಪ್ಪಾಗಲಾರದು. ಈ ಮೂರಲ್ಲದೆ ನಮ್ಮ ಮನೆಯಲ್ಲಿ ನಾಲ್ಕನೆಯದೊಂದು ಮೋಡೆಮ್ ಇತ್ತು. ಒಂದು ಸಂಸ್ಥೆಯ ಸಂಪರ್ಕವನ್ನು ಬಿಟ್ಟು ಇನ್ನೊಂದನ್ನು ಹಾಕಿಸಿಕೊಂಡ ವಾರದಲ್ಲಿಯೇ ಓಣಿಗೆ ಗುಜರಿಯವನು ಬಂದ. ಹಳೆಯ ಪತ್ರಿಕೆ, ತಗಡಿನ ಡಬ್ಬಿ, ಮುರಿದ ಬಕೆಟ್ಟಿನ ಜೊತೆಗೆ ಮೋಡೆಮನ್ನೂ ಅವನ ತಕ್ಕಡಿಗೆ ಹಾಕಿದೆ. “ಇದರಾಗ ತೂಕಾನ ಇಲ್ಲರಿ ಸರ್ರ, ವೈರ್ ಸೇರಿಸಿ ಹತ್ತು ರೂಪಾಯಿ ಕೊಡ್ತೀನ್ರಿ” ಎಂದ. ಹತ್ತು ರೂಪಾಯಿ ಬಂತಲ್ಲ ಎಂದು ನಾನು ಸಂತೋಷಪಟ್ಟೆ. ತಿಂಗಳೆರಡು ಕಳೆದ ಮೇಲೆ ಕಟ್ಟಿದ್ದ ಒಂದೂವರೆ ಸಾವಿರ ರೂಪಾಯಿ ಠೇವಣಿಯನ್ನು ಕೇಳಲು ಹೋದಾಗ, ಮೇಜಿನ ಆಚೆಗಿದ್ದ ತರುಣ ಬಹಳ ವಿನಯದಿಂದಲೇ, “ಮೋಡೆಮ್ ತಂದೀರೇನ್ರಿ?” ಎಂದು ಕೇಳಿದ. ತಂದಿರಲಿಲ್ಲ. ತಪ್ಪು ಆ ಸಂಸ್ಥೆಯದಲ್ಲ, ನನ್ನದು.

ಮರುದಿನ ಆ ಗುಜರಿ ಅಂಗಡಿಯನ್ನು ಹುಡುಕಿಕೊಂಡು ಹೋದೆ. ಅಂಗಡಿಯ ಹಿಂದಿನ ಬಯಲಿನಲ್ಲಿ ಕಪ್ಪು ಹೊಗೆ ಏಳುತ್ತಿತ್ತು. ಹತ್ತು-ಹನ್ನೆರಡು ವರ್ಷದ ಹುಡುಗನೊಬ್ಬ ವೈರುಗಳ ಒಂದು ಸಿಂಬೆಯನ್ನು ಬೆಂಕಿಗೆ ಹಾಕಿ, ಕಬ್ಬಿಣದ ಸರಳಿನಿಂದ ತಿರುವುತ್ತಿದ್ದ. ಮೇಲಿನ ಪ್ಲಾಸ್ಟಿಕ್ ಸುಟ್ಟರೆ ಒಳಗಿನ ತಾಮ್ರ ಉಳಿಯುತ್ತದೆ. ತಾಮ್ರಕ್ಕೆ ಬೆಲೆ ಇದೆ. ಕೆಮ್ಮು ಬಂದಾಗ ಮುಖ ಆಚೆಗೆ ಹೊರಳಿಸಿ ಮತ್ತೆ ತಿರುವುತ್ತಿದ್ದ. ಹತ್ತಿರದಲ್ಲೇ ಒಡೆದ ಪ್ಲಾಸ್ಟಿಕ್ ಕವಚಗಳ ರಾಶಿ ಇತ್ತು. ಒಳಗಿನ ಹಸಿರು ಹಲಗೆಗಳು ಅದಾಗಲೇ ಹುಬ್ಬಳ್ಳಿಯ ಗಾಡಿಗೆ ಹೋಗಿದ್ದವಂತೆ. ರಾಶಿಯಲ್ಲಿ ನಮ್ಮ ಮನೆಯ ಕವಚವನ್ನು ಗುರುತಿಸಿದೆ. ಗುರುತಿಸಲು ಕಷ್ಟವೇನಿರಲಿಲ್ಲ, ಅದರ ಬೆನ್ನ ಮೇಲೆ ಮಕ್ಕಳಿಗೆ ಅನುಕೂಲವಾಗಲೆಂದು ನಾನೇ ಚೀಟಿ ಅಂಟಿಸಿ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದ ವೈ-ಫೈ ಗುಪ್ತಪದ ಹಾಗೇ ಇತ್ತು. ಅದೇ ಗುಪ್ತಪದವನ್ನು ನಾನು ನನ್ನ ಇ-ಮೇಲಿಗೂ ಇಟ್ಟುಕೊಂಡಿದ್ದೆ. ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಓದಬಹುದಾಗಿತ್ತು.

ಆ ದಿನ ಕಳೆದುಕೊಂಡ ಒಂದೂವರೆ ಸಾವಿರ ರೂಪಾಯಿ ಮರೆತುಹೋಯಿತು. ಆ ಹುಡುಗನ ಕೆಮ್ಮು ಮರೆಯಲಿಲ್ಲ. ನಾನು ಪಡೆದ ಹತ್ತು ರೂಪಾಯಿಯಲ್ಲಿ ‘ವೈರ್ ಸೇರಿಸಿ’ ಎಂಬ ಮಾತೂ ಸೇರಿತ್ತಲ್ಲವೇ?

ಆದ್ದರಿಂದ ಸಂಪರ್ಕ ಬದಲಾಯಿಸುವ ಕುಟುಂಬಗಳು ಈ ಕ್ರಮವನ್ನು ಅನುಸರಿಸುವುದು ಲೇಸು. ಹೊಸ ಸಂಪರ್ಕ ಸರಿಯಾಗಿ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಹಳೆಯದನ್ನು ರದ್ದುಪಡಿಸಲು ಬರಹದಲ್ಲಿ ಅರ್ಜಿ ಕೊಡಬೇಕು. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾದವರಿಗೆ ಬಿಲ್ಲು ಬರುತ್ತಲೇ ಇರುವುದುಂಟು. ಮೊದಲು ಕಟ್ಟಿದ ಹಣದ ರಶೀದಿಯನ್ನು ಹುಡುಕಿ, ಮೋಡೆಮ್ ಕೊಂಡದ್ದೋ ಠೇವಣಿಯದ್ದೋ ನೋಡಬೇಕು. ಠೇವಣಿಯದ್ದಾಗಿದ್ದರೆ ಅಡಾಪ್ಟರಿನ ಸಹಿತ ಹಿಂದಿರುಗಿಸಿ, ಪೆಟ್ಟಿಗೆಯ ತಳದಲ್ಲಿ ಮುದ್ರಿತವಾಗಿರುವ ಕ್ರಮಸಂಖ್ಯೆ, ದಿನಾಂಕ, ಸಹಿ, ಮೊಹರು ಇರುವ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ಮನೆಗೆ ಬಂದ ಹುಡುಗನ ಕೈಗೆ ಕೊಡುವುದಾದರೂ ಸ್ವೀಕೃತಿ ಬೇಕು, ಅವನು ಎಷ್ಟೇ ಪರಿಚಿತನಾಗಿರಲಿ. ಮುಂದೆ ‘ನೀವು ಮೋಡೆಮ್ ಕೊಟ್ಟೇ ಇಲ್ಲ’ ಎಂಬ ಮಾತು ಬಂದರೆ ಆ ಚೀಟಿಯೊಂದೇ ನಮ್ಮ ಪರ ನಿಲ್ಲುವುದು.

ಯಾರಿಗೇ ಕೊಡುವುದಿದ್ದರೂ, ಕೊಡುವ ಮುನ್ನ ಅದರ ನೆನಪನ್ನು ಅಳಿಸಬೇಕು. ಪೆಟ್ಟಿಗೆಯ ಹಿಂಬದಿಯಲ್ಲೋ ತಳದಲ್ಲೋ ಸೂಜಿ ಹೋಗುವಷ್ಟು ಸಣ್ಣ ತೂತಿನೊಳಗೆ ಒಂದು ಗುಂಡಿ ಇರುತ್ತದೆ. ಮೋಡೆಮಿಗೆ ವಿದ್ಯುತ್ ಕೊಟ್ಟು, ಗುಂಡುಪಿನ್ನಿನಿಂದ ಆ ಗುಂಡಿಯನ್ನು ಹತ್ತು-ಹದಿನೈದು ಸೆಕೆಂಡು ಒತ್ತಿ ಹಿಡಿದರೆ ದೀಪಗಳೆಲ್ಲ ಆರಿ ಮತ್ತೆ ಹೊತ್ತುತ್ತವೆ. ಅಲ್ಲಿಗೆ ನಮ್ಮ ವೈ-ಫೈ ಹೆಸರು, ಗುಪ್ತಪದ, ಖಾತೆಯ ಹೆಸರು ಇವೆಲ್ಲ ಅಳಿದು, ಕಾರ್ಖಾನೆಯಿಂದ ಬಂದಾಗ ಇದ್ದಂತೆ ಆಗುತ್ತದೆ. ಮೇಲಿನ ಚೀಟಿಯನ್ನು ಮಾತ್ರ ನಾವೇ ಕಿತ್ತು ಹಾಕಬೇಕು.

ಗುಪ್ತಪದದ ವಿಷಯದಲ್ಲಿ ಇಷ್ಟೊಂದು ಭಯವೇಕೆ ಎನ್ನುವವರಿಗೆ 2017ರ ಜುಲೈ ತಿಂಗಳನ್ನು ನೆನಪಿಸಬಹುದು. ಆಗ ಕರ್ನಾಟಕ ವೃತ್ತದ ಬಿ.ಎಸ್.ಎನ್.ಎಲ್. ಗ್ರಾಹಕರ ಸಾವಿರಾರು ಮೋಡೆಮ್‌ಗಳು ಒಮ್ಮೆಲೇ ಕೆಲಸ ನಿಲ್ಲಿಸಿದವು. ಹೊರಗಿನಿಂದ ಬಂದ ಕುತಂತ್ರಾಂಶವೊಂದು ಅವುಗಳೊಳಗೆ ಹೊಕ್ಕಿತ್ತು. ಹೊಕ್ಕದ್ದು ಬಾಗಿಲು ಮುರಿದಲ್ಲ. ಕಾರ್ಖಾನೆಯಲ್ಲಿ ಇಟ್ಟಿದ್ದ ‘ಅಡ್ಮಿನ್’ ಎಂಬ ಗುಪ್ತಪದವನ್ನು ಬಳಕೆದಾರರು ಬದಲಾಯಿಸದೆ ಬಿಟ್ಟಿದ್ದ ಮೋಡೆಮ್‌ಗಳೇ ಹೆಚ್ಚಾಗಿ ಅದಕ್ಕೆ ತುತ್ತಾದವು.

ಸ್ವಂತ ಹಣದಿಂದ ಕೊಂಡ ಮೋಡೆಮ್ ಆಗಿದ್ದು, ಇನ್ನೂ ನಡೆಯುತ್ತಿದ್ದರೆ, ಅದರಲ್ಲಿ ಪ್ರಾಣವಿದೆ ಎಂದೇ ತಿಳಿಯಬೇಕು. ವೈ-ಫೈ ಇರುವ ಕಪ್ಪು ಪೆಟ್ಟಿಗೆಯಂಥದ್ದನ್ನು ಹೊಸ ಮೋಡೆಮಿಗೆ ಒಂದು ಕೇಬಲ್ಲಿನಿಂದ ಜೋಡಿಸಿ, ಸಂಕೇತ ತಲುಪದ ಮಾಳಿಗೆಯ ಕೋಣೆಗೆ ವೈ-ಫೈ ಒದಗಿಸಬಹುದು. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಗಳಲ್ಲಿ ಇದು ಬಹಳ ಉಪಯುಕ್ತ. ಎರಡರಲ್ಲಿಯೂ ಲ್ಯಾನ್ ಎಂದು ಬರೆದಿರುವ ಕಿಂಡಿಗಳನ್ನೇ ಬಳಸಬೇಕು. ಹಳೆಯದರ ವಿಳಾಸ ಸಂಖ್ಯೆಯನ್ನು ಬದಲಾಯಿಸಿ, ಅದರಲ್ಲಿನ ಡಿ.ಎಚ್.ಸಿ.ಪಿ. ಎಂಬ ವ್ಯವಸ್ಥೆಯನ್ನು ನಿಲ್ಲಿಸಬೇಕು. ಮನೆಯ ಮೊಬೈಲು-ಕಂಪ್ಯೂಟರುಗಳಿಗೆ ಸಂಖ್ಯೆ ಹಂಚುವುದು ಆ ವ್ಯವಸ್ಥೆಯ ಕೆಲಸ. ಎರಡೂ ಪೆಟ್ಟಿಗೆಗಳು ಹಂಚಲು ನಿಂತರೆ, ಒಂದೇ ಓಣಿಯಲ್ಲಿ ಇಬ್ಬರು ತಮಗೆ ತೋಚಿದಂತೆ ಮನೆಗಳಿಗೆ ನಂಬರು ಬರೆದುಕೊಂಡು ಹೋದಂತಾಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಇದು ಹತ್ತು ನಿಮಿಷದ ಕೆಲಸ. ತಯಾರಕರು ತಂತ್ರಾಂಶ ಪರಿಷ್ಕರಿಸುವುದನ್ನು ನಿಲ್ಲಿಸಿದ ಬಹಳ ಹಳೆಯ ಪೆಟ್ಟಿಗೆಗಳನ್ನು ಮಾತ್ರ ಇದಕ್ಕೂ ಬಳಸದಿರುವುದು ಕ್ಷೇಮ.

ಅಡಾಪ್ಟರುಗಳನ್ನು ಸಹ ಇಟ್ಟುಕೊಳ್ಳಬಹುದು. ಹೊಸ ಮೋಡೆಮಿನ ಅಡಾಪ್ಟರ್ ಕೆಟ್ಟ ದಿನ ಹಳೆಯದೇ ಉಪಕಾರಕ್ಕೆ ಬರುತ್ತದೆ. ಆದರೆ ಮೇಲೆ ಬರೆದಿರುವ ವೋಲ್ಟ್ ಎರಡರಲ್ಲೂ ಒಂದೇ ಇರಬೇಕು, ಆಂಪಿಯರ್ ಬೇಕಾದಷ್ಟು ಅಥವಾ ಹೆಚ್ಚು ಇರಬೇಕು, ಪಿನ್ನಿನ ಧನ-ಋಣಗಳ ಚಿಹ್ನೆಯೂ ಒಂದೇ ಆಗಿರಬೇಕು. ಪಿನ್ನು ಕಿಂಡಿಗೆ ಸೇರಿತು ಎಂಬ ಒಂದೇ ಕಾರಣಕ್ಕೆ ಚುಚ್ಚಿ ಹೊಸ ಮೋಡೆಮ್ ಸುಟ್ಟುಕೊಂಡವರಿದ್ದಾರೆ.

ಇನ್ನು ಪ್ರಾಣ ಹೋದವುಗಳ ಮಾತು. ಮೋಡೆಮ್ ನೋಡಲು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಅದರ ಹಲಗೆಯ ಮೇಲೆ ತಾಮ್ರ, ತವರ, ಅಲ್ಯೂಮಿನಿಯಂ, ಅತ್ಯಲ್ಪ ಪ್ರಮಾಣದ ಚಿನ್ನ ಇವೆಲ್ಲ ಇರುತ್ತವೆ. ಹಳೆಯವುಗಳ ಬೆಸುಗೆಯಲ್ಲಿ ಸೀಸವೂ ಇರಬಹುದು. ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದವುಗಳಿಗೆ ನಮ್ಮ ದೇಶದಲ್ಲಿ ಮಿತಿ ಹಾಕಿದ ನಿಯಮ ಜಾರಿಗೆ ಬಂದದ್ದು 2014ರ ಮೇ 1ರಿಂದ. ವೈರಿನ ಹೊದಿಕೆಯಾದ ಪಿ.ವಿ.ಸಿ.ಯನ್ನು ಬಯಲಿನಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷಗಳು ಹುಟ್ಟುತ್ತವೆ. ಬೂದಿಯಲ್ಲಿ ಉಳಿದ ಸೀಸ ಮಳೆಯ ನೀರಿನೊಡನೆ ಹಳ್ಳಕ್ಕೆ ಹೋಗುತ್ತದೆ. ಸೀಸದಿಂದ ಹೆಚ್ಚಿನ ಹಾನಿ ಬೆಳೆಯುವ ಮಕ್ಕಳ ಮೆದುಳಿಗೆ. ಕುಡಿಯುವ ನೀರಿಗಾಗಿ ತುಂಗಭದ್ರೆಯ ಕಡೆಗೆ ಮುಖ ಮಾಡಿ ಕೂತಿರುವ ನಮ್ಮ ಜಿಲ್ಲೆಯಲ್ಲಿ ಹಳ್ಳ-ಬಾವಿಗಳನ್ನು ಕೆಡಿಸಿಕೊಳ್ಳುವಷ್ಟು ಸಿರಿವಂತಿಕೆ ನಮಗಿಲ್ಲ.

ಜಗತ್ತಿನಾದ್ಯಂತ 2022ನೆಯ ಒಂದೇ ವರ್ಷದಲ್ಲಿ ಹುಟ್ಟಿದ ಇ-ತ್ಯಾಜ್ಯ ಸುಮಾರು 6 ಕೋಟಿ 20 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪಾಲ್ಗೊಂಡು 2024ರಲ್ಲಿ ಪ್ರಕಟಿಸಿದ ವರದಿ ತಿಳಿಸುತ್ತದೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನಾಲ್ಕನೆಯ ಒಂದಂಶಕ್ಕಿಂತ ಕಡಿಮೆ.

ಕಾನೂನು ಇಲ್ಲವೆಂದಲ್ಲ. 2011ರಲ್ಲಿ ಹೊರಟು 2012ರಲ್ಲಿ ಜಾರಿಗೆ ಬಂದ ಮೊದಲ ನಿಯಮಗಳ ನಂತರ 2016ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಇ-ತ್ಯಾಜ್ಯದ ನಿಯಮಗಳನ್ನು ಕೇಂದ್ರ ಸರ್ಕಾರ ಹೊಸದಾಗಿ ಬರೆಯಿತು. ಕೊನೆಯವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮೋಡೆಮ್, ರೂಟರ್‌ಗಳು ಅವುಗಳ ಪಟ್ಟಿಯಲ್ಲಿವೆ. ಅವುಗಳ ಪ್ರಕಾರ, ತಯಾರಿಸಿ ಮಾರಿದವನೇ ತನ್ನ ವಸ್ತುಗಳ ಕೊನೆಗಾಲದ ಹೊಣೆಯನ್ನೂ ಹೊತ್ತು, ನಿಗದಿಯಾದ ಪ್ರಮಾಣವನ್ನು ನೋಂದಾಯಿತ ಘಟಕಗಳ ಮೂಲಕ ಮರುಬಳಕೆ ಮಾಡಿಸಬೇಕು. ಕಸದಲ್ಲಿ ಬೆರೆತು ಬಂದ ಇ-ತ್ಯಾಜ್ಯವನ್ನು ಬೇರ್ಪಡಿಸಿ ಅಂಥ ಘಟಕಗಳಿಗೆ ತಲುಪಿಸುವ ಕರ್ತವ್ಯ ಊರಿನ ಸ್ಥಳೀಯ ಸಂಸ್ಥೆಗಳದು. ಸಾವಿರ ಉಪಕರಣಗಳಿಗಿಂತ ಕಡಿಮೆ ಇಲ್ಲದ ದೊಡ್ಡ ಬಳಕೆದಾರರು ತಾವೇ ಅದನ್ನು ನೋಂದಾಯಿತರಿಗೆ ಒಪ್ಪಿಸಬೇಕು. ಒಂದು ಮೋಡೆಮಿನ ಮನೆಯವರನ್ನು ಕಾನೂನು ಹಿಡಿದು ಕೇಳುವುದಿಲ್ಲ. ಕೇಳುವುದಿಲ್ಲವಾದ್ದರಿಂದಲೇ ಅದು ಗುಜರಿಯ ತಕ್ಕಡಿಗೆ ಹೋಗುತ್ತದೆ.

ಗುಜರಿಯವರನ್ನು ನಾನು ದೂರುತ್ತಿಲ್ಲ. ರದ್ದಿ ಕಾಗದ, ಕಬ್ಬಿಣ, ಗಾಜುಗಳನ್ನು ಮನೆಮನೆಯಿಂದ ಹೊತ್ತೊಯ್ದು ಮರುಬಳಕೆಗೆ ತಲುಪಿಸುವವರು ಅವರೇ. ಆದರೆ ವಿದ್ಯುನ್ಮಾನ ಹಲಗೆಯಿಂದ ಲೋಹ ತೆಗೆಯುವುದು ಹೊಗೆ ಹೀರುವ ಕೊಳವೆ, ಮುಚ್ಚಿದ ಕುಲುಮೆ, ಶುದ್ಧೀಕರಣದ ತೊಟ್ಟಿಗಳಿರುವಲ್ಲಿ ಮಾತ್ರ ಆಗಬೇಕಾದ ಕೆಲಸ. ನಮ್ಮ ರಾಜ್ಯದಲ್ಲಿ ಅಂಥ ಘಟಕಗಳು ಬಹಳ ಹಿಂದಿನಿಂದ ಇವೆ. ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ 2005ರಲ್ಲಿ ಕೆಲಸ ಆರಂಭಿಸಿದ ಇ-ಪರಿಸರ ಘಟಕವು ಸರ್ಕಾರದ ಅನುಮತಿ ಪಡೆದು ನಡೆದ ದೇಶದ ಮೊದಮೊದಲ ಘಟಕಗಳಲ್ಲೊಂದು. ನೋಂದಾಯಿತ ಘಟಕಗಳ ಪಟ್ಟಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ತನ್ನ ಜಾಲತಾಣದಲ್ಲಿ ಇಟ್ಟಿದೆ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಕೇಳಬಹುದು.

ಆದರೆ ಮುಂಡರಗಿಯ ಒಬ್ಬ ಗೃಹಸ್ಥ ಇನ್ನೂರು ಗ್ರಾಂ ತೂಕದ ಒಂದು ಮೋಡೆಮಿಗಾಗಿ ಅಷ್ಟು ದೂರ ಹೋಗುವನೇ? ಹೋಗಲಾರ, ಹೋಗಬೇಕಾಗಿಯೂ ಇಲ್ಲ. ಗಾಡಿ ತುಂಬುವಷ್ಟು ಸಾಮಾನಿದ್ದರೆ ಕೇಳಲು ನಮಗೂ ಬಾಯಿ ಇರುತ್ತದೆ, ತೆಗೆದುಕೊಳ್ಳುವವರಿಗೂ ಬರಲು ಮನಸ್ಸಾಗುತ್ತದೆ. ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡುವ ಪಾಠ ನಮ್ಮ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಾದದ್ದಲ್ಲ. ಗದಗಿನ ಮಗ್ಗುಲಲ್ಲಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ್ದು, ಒಬ್ಬ ರೈತನ ಅಲ್ಪ ಉಳಿತಾಯಕ್ಕೆ ಇಲ್ಲದ ಬಲ ಊರಿನವರ ಉಳಿತಾಯಕ್ಕೆ ಉಂಟು ಎಂಬ ನಂಬಿಕೆಯಿಂದ. ಕೆಟ್ಟ ಮೋಡೆಮಿಗೂ ಅದೇ ಲೆಕ್ಕ.

ನಮ್ಮ ಓಣಿಯಲ್ಲಿ ಈಗ ಒಂದು ಸಣ್ಣ ಪ್ರಯತ್ನ ನಡೆದಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟಿದ್ದೇವೆ. ಭಾನುವಾರ ಬಲಿಪೂಜೆಗೆಂದೋ, ಸಂತೆಗೆಂದೋ, ಆಸ್ಪತ್ರೆಗೆಂದೋ ಸುತ್ತಲಿನ ಊರುಗಳಿಂದ ಬರುವ ಪರಿಚಿತ ಕುಟುಂಬಗಳು ತಮ್ಮ ಕೈಚೀಲದಲ್ಲಿ ತಂದು ಹಾಕಿ ಹೋಗುತ್ತಾರೆ. ವೈರು ಕತ್ತರಿಸದೆ, ಕವಚ ಒಡೆಯದೆ ತರಬೇಕು ಎಂಬುದೊಂದೇ ನಿಯಮ. ಮೊಬೈಲ್ ಬ್ಯಾಟರಿ, ಕರೆಂಟು ಹೋದಾಗ ಮೋಡೆಮ್ ನಡೆಸುವ ಪುಟ್ಟ ಯು.ಪಿ.ಎಸ್. ಇವುಗಳನ್ನು ಮಾತ್ರ ಆ ರಾಶಿಗೆ ಸೇರಿಸುವುದಿಲ್ಲ. ಲೀಥಿಯಂ ಬ್ಯಾಟರಿ ಲೋಹಕ್ಕೆ ತಾಗಿ ಬೆಂಕಿ ಹೊತ್ತುವ ಅಪಾಯವಿರುವುದರಿಂದ ತುದಿಗಳಿಗೆ ಟೇಪು ಸುತ್ತಿ ಬೇರೆ ಡಬ್ಬಿಯಲ್ಲಿ ಇಡುತ್ತೇವೆ. ಪೆಟ್ಟಿಗೆ ತುಂಬಿದ ಮೇಲೆ ನೋಂದಾಯಿತ ಘಟಕದವರಿಗೆ ಒಪ್ಪಿಸಿ ರಶೀದಿ ಪಡೆಯುವುದೆಂದು ತೀರ್ಮಾನ. ಯುವಕರು ಕೈಜೋಡಿಸಿದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ಒಂದೊಂದು ಮನೆಯ ಪಡಸಾಲೆ ಇದಕ್ಕೆ ಸಿಗಲಾರದೇ?

ಪೆಟ್ಟಿಗೆ ಇಟ್ಟ ಮೊದಲ ದಿನ ನಮ್ಮ ಬೂದು ಬಣ್ಣದ ಮೋಡೆಮನ್ನು ನಾನೇ ಅದರೊಳಗೆ ಇಟ್ಟೆ. ಬಿಳಿಯದು ಠೇವಣಿಯದ್ದೆಂದು ರಶೀದಿಯಿಂದ ತಿಳಿದದ್ದರಿಂದ ಅದನ್ನು ಹಿಂದಿರುಗಿಸಿ ಬಂದೆವು. ಈ ಸಲ ಸ್ವೀಕೃತಿಯನ್ನು ಮನೆಯಾಕೆಯೇ ಕೇಳಿ ಪಡೆದು, ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ. ಕಪ್ಪು ಪೆಟ್ಟಿಗೆಯನ್ನು ಮೊಮ್ಮಗಳು ತೆಗೆದುಕೊಂಡು ಹೋಗಿ ಮಾಳಿಗೆಯ ಕೋಣೆಯಲ್ಲಿ ಜೋಡಿಸಿದಳು. ಗುಪ್ತಪದ ಏನಿಟ್ಟಿದ್ದೀ ಎಂದು ಕೇಳಿದರೆ, “ಅಜ್ಜಾ, ನಿನಗ ಹೇಳಿದ್ರ ಮತ್ತ ಚೀಟಿ ಬರದು ಅಂಟಸ್ತಿ” ಎನ್ನುತ್ತಾಳೆ.